ಹೊಸಕೆರೆಯ ನೀರಗಂಟಿ

ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಾಡದವಳು. ಆಡಿದ ಮಾತಿಗೆ ತಪ್ಪದವಳು. ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ ಬಳಿಕವೇ ಕೆಲಸಕ್ಕೆ ಕೂರುವವಳು. ಮುಖ ಕಾಣದ ರೋಗಿಯ ನೋವನ್ನೂ ಮನದಲ್ಲಿಟ್ಟುಕೊಂಡವಳು. ತನ್ನ ತಪ್ಪನ್ನು ಪರರಿಗಿಂತ ಮೊದಲು ತಾನೇ ನುಡಿಯುವವಳು. ಇಂಥವಳು ತಣಿಸಂದ್ರದ ಮುನಿಗಂಗಪ್ಪನವರ ಮೊಮ್ಮಗಳು, ಮುನೇಶನ ಮಡದಿ, ಶಶಿರೇಖಾ.

ಮುನಿಗಂಗಪ್ಪನವರು ಊರಿನ ನೀರಗಂಟಿ. ಹೊಸಕೆರೆಯ ತೂಬನ್ನೆತ್ತಿ, ಯಾವ ಗದ್ದೆಗೆ ಎಷ್ಟು ನೀರೆಂದು ಹಾಯಿಸುವುದು ಅವರ ಕಾಯಕವಾಗಿತ್ತು. ಆ ಕೆರೆ ಯಾವ ಕಾಲದ್ದೋ ಯಾರೂ ಅರಿಯರು. ಕಟ್ಟಿದ ದಿನ ಬಂದ ಹೆಸರು, ಏರಿಯ ಕಲ್ಲುಗಳೆಲ್ಲ ಸವೆದ ಮೇಲೂ ಹಾಗೆಯೇ ಉಳಿದಿತ್ತು.

ಮೊಮ್ಮಗಳ ಕೆಲಸ ಹೆಬ್ಬಾಳದ ಬಳಿಯ ಒಂದು ಆಸ್ಪತ್ರೆಯಲ್ಲಿ. ಅಲ್ಲಿಯ ತಣ್ಣನೆಯ ಗಾಜಿನ ಕೋಣೆಯಲ್ಲಿ ಸಾಲುಸಾಲು ಡಿಸ್ಕುಗಳನ್ನು ಒಡಲಲ್ಲಿಟ್ಟುಕೊಂಡ ಒಂದು ಸ್ಟೋರೇಜ್ ಕಪಾಟು. ಕೋಣೆಯ ಹೊರಗಿನ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್. ಒಡಲೇ ಇಲ್ಲದ, ಸಾಫ್ಟ್‌ವೇರಿನೊಳಗೇ ಬದುಕುವ ಹತ್ತಾರು ಕಂಪ್ಯೂಟರುಗಳನ್ನು, ಎಂದರೆ ವರ್ಚುವಲ್ ಮಷೀನುಗಳನ್ನು, ಅದು ನಡೆಸುತ್ತದೆ. ಕಪಾಟನ್ನು ಸಾಫ್ಟ್‌ವೇರಿಗೆ ಜೋಡಿಸಿ, ಆ ಮಷೀನುಗಳಿಗೆ ಬೇಕಾದ ಜಾಗವನ್ನು ಹಾಯಿಸುವವಳು ಶಶಿರೇಖಾ. ಕಪಾಟಿನ ಒಂದೊಂದು ಭಾಗಕ್ಕೂ ಆಕೆ ಒಂದೊಂದು ಕೆರೆಯ ಹೆಸರಿಟ್ಟಿದ್ದಳು. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ತುಂಬಿದ್ದ ಭಾಗಕ್ಕೆ ತಾತನ ನೆನಪಿಗೆ ಹೊಸಕೆರೆ ಎಂದಿದ್ದಳು.

೨೦೧೩ರ ಒಂದು ಭಾನುವಾರದ ಬೆಳಿಗ್ಗೆ. ಹಳೆಯ ಕಪಾಟಿನ ಚಿತ್ರಗಳನ್ನು ಹೊಸದೊಂದಕ್ಕೆ ನಕಲಿಸಿಯಾಗಿತ್ತು. ಹಳೆಯದು ಬರಿದಾಗಿ ಹೊರಟುಹೋಗಿತ್ತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಮರುದಿನ ಶಸ್ತ್ರಚಿಕಿತ್ಸೆಗೆ ಕಾದಿದ್ದವರ ಚಿತ್ರಗಳೂ ಅದರಲ್ಲಿಯೇ. ಹೊಸ ಕಪಾಟಿನಲ್ಲಿ ಎರಡು ಭಾಗ: ಹಳೆಯ ಚಿತ್ರಗಳು ತುಂಬಿದ ಹೊಸಕೆರೆ, ಆಗಷ್ಟೇ ಮಾಡಿದ ಖಾಲಿ ರಾಚೇನಹಳ್ಳಿ ಕೆರೆ. ಒಂದೊಂದನ್ನು ಜೋಡಿಸುವಾಗಲೂ ಸಾಫ್ಟ್‌ವೇರ್ ಕೇಳುತ್ತದೆ: ಇದ್ದಂತೆ ಸೇರಿಸಲೇ, ಅಳಿಸಿ ಸೇರಿಸಲೇ?

ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಯಶವಂತಪುರದ ಬಾಲರಾಜ್ ಹೊರಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದ. "ಹಳೇದನ್ನ ಇದ್ದಂಗೇ ಸೇರ್ಸಿ, ಹೊಸ್ದನ್ನ ಅಳ್ಸಿ ಸೇರ್ಸಿ," ಎಂದು ಹೇಳಿ ಶಶಿರೇಖಾ ಒಳಗೆ ಕೇಬಲ್ಲುಗಳನ್ನು ನೋಡುತ್ತಿದ್ದಳು.

"ಮೇಡಂ, ಹೊಸ್ದು ಅಳಿಸ್ಲಾ?" ಬಾಗಿಲ ಸಂದಿಯಿಂದ ಕೂಗು ಬಂತು.

"ಹೂಂ."

ಫ್ಯಾನುಗಳ ಸದ್ದು ಕೋಡಿ ಹರಿಯುವ ಸದ್ದಿನಂತಿತ್ತು. ಹಸಿರು ದೀಪಗಳು ನೀರ ಮೇಲಿನ ಬಿಸಿಲಿನಂತೆ ಮಿನುಗುತ್ತಿದ್ದವು. ಆ ಮಿನುಗಿನೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತ ತಾತ ಕಂಡರು. ಏರಿಯ ಮೇಲಿಂದ ಯಾರೋ ಕೂಗುತ್ತಿದ್ದರೂ ಅವರ ಕೈ ತೂಬಿನತ್ತ ಹೋಗುತ್ತಿಲ್ಲ. "ಕೂಗು ಕೇಳಿ ತೂಬೆತ್ತಬಾರ್ದು ಕಣವ್ವ. ಇಂಗೆ ನೀರ್ಗೆ ಕೈ ಇಕ್ಕಿ ನೋಡ್ಬೇಕು."

ಶಶಿರೇಖಾ ಕೇಬಲ್ಲನ್ನು ಕೈಬಿಟ್ಟು ಹೊರಗೆ ಬಂದಳು.

"ಬಾಲರಾಜ್, ಒಂದ್ನಿಮಿಷ. ಅದರ ಹೆಸ್ರು ಓದಿ."

"ಹೊಸಕೆರೆ. ಹೆಸ್ರಲ್ಲೇ ಇದ್ಯಲ್ಲ ಮೇಡಂ, ಹೊಸದು ಅಂತ."

"ಮೌಸ್ ಬಿಟ್ಟು ಕೈ ಎತ್ತಿ."

ಅವನು ಎರಡೂ ಕೈ ಎತ್ತಿದ. "ಏನ್ ಮೇಡಂ, ಪೊಲೀಸ್ನೋರ್ ತರ."

ಪರದೆಯ ಮೇಲೆ 'ಅಳಿಸಿ ಸೇರಿಸು' ಎಂಬುದರ ಮೇಲೆಯೇ ಬಾಣದ ಗುರುತು ನಿಂತಿತ್ತು.

"ನಮ್ ತಾತನ್ ತಾತ ಹುಟ್ಟೋಕ್ ಮುಂಚಿನ ಕೆರೆ ಅದು. ತಪ್ಪು ನಂದೇ. ಹೊಸ್ದು ಅಂತ ಹೇಳ್ಬಾರ್ದಿತ್ತು, ನೋಡ್ದೆ ಹೂಂ ಅನ್ಬಾರ್ದಿತ್ತು."

"ನಮ್ ಯಶವಂತಪುರದಲ್ಲಿ ಹೊಸದು ಅಂದ್ರೆ ಹೊಸದೇ ಕಣ್ರೀ," ಎಂದ ಬಾಲರಾಜ್, ಕುರ್ಚಿ ಬಿಟ್ಟೇಳುತ್ತ.

ಆಕೆ ತಾನೇ ಕುಳಿತು, ಪರದೆಯಲ್ಲಿದ್ದ ಗುರುತಿನ ಅಂಕಿಗಳನ್ನು ಕಪಾಟಿನ ಅಂಕಿಗಳೊಡನೆ ಒಂದೊಂದಾಗಿ ಹೋಲಿಸಿ, 'ಇದ್ದಂತೆ ಸೇರಿಸು' ಎಂಬುದನ್ನು ಒತ್ತಿದಳು. ನೀರು ಮುಟ್ಟಿದ ಗದ್ದೆಗಳಂತೆ ಮಷೀನುಗಳು ಒಂದರ ಹಿಂದೊಂದು ಕಣ್ಣು ತೆರೆದವು. ಮೊದಲಿಗೆ ತೆರೆದುಕೊಂಡದ್ದು ಯಾರದೋ ಎದೆಗೂಡಿನ ಚಿತ್ರ; ಕತ್ತಲ ನೀರಿನಲ್ಲಿ ಬಿಳಿಯ ಹಕ್ಕಿಯೊಂದು ರೆಕ್ಕೆ ಬಿಚ್ಚಿದಂತಿತ್ತು.

ಕಪಾಟಿನ ಮೇಲಿನ ಚೀಟಿಯಲ್ಲಿ ಹೊಸಕೆರೆಯ ಕೆಳಗೆ ಆಕೆ ಬರೆದಳು: "ಹೆಸರಷ್ಟೇ ಹೊಸದು. ನೀರಿದೆ."

ಮುಟ್ಟಿ ನೋಡಿ ತೂಬೆತ್ತುವ ಆ ಕೈ ಸದಾ ತಂಪಾಗಿರಲಿ. ಮುನೇಶನೊಡನೆ ಆಕೆಯ ಬಾಳು ಕೋಡಿ ಹರಿಯುವಷ್ಟು ತುಂಬಿರಲಿ. ಅವರ ಮನೆಯ ಒಲೆಯೂ ದೀಪವೂ ಆರದಿರಲಿ. ಆ ಹೊಸ್ತಿಲನ್ನು ಭಗವಂತನು ಎಚ್ಚರದ ನೀರಗಂಟಿಯಾಗಿ ಕಾಯಲಿ.