ಬಾಗಿಲ ಹೊರಗಿನ ಎಲೆ

ಕೇಟರಿಂಗ್ ಹಿಡಿಯುವ ಹೊಸಬರಿಗೆ ನಾನು ಮೊದಲು ಹೇಳುವುದಿಷ್ಟು: ದರ ಮಾತಾಡುವ ಮುಂಚೆ ಉಣ್ಣುವವರು ಯಾರೆಂದು ತಿಳಿದುಕೊಳ್ಳಿ. ಬೇಲಾಪುರದ ತರಬೇತಿ ಕೇಂದ್ರದಿಂದ ಫೋನ್ ಬಂದಾಗ ನಾನೂ ಅದನ್ನೇ ಕೇಳಿದೆ. ಅರಬ್ ದೇಶಗಳ ಸರ್ಕಾರಿ ಅಧಿಕಾರಿಗಳು ಎಂದರು. ಆ ದೇಶಗಳ ಕಚೇರಿಗಳನ್ನು ಹೊಸ ಕಾಲಕ್ಕೆ ಹೊಂದಿಸಲು ಹಲವು ಸರ್ಕಾರಗಳು ಕೈಜೋಡಿಸಿದ್ದವು. ಹಣ ಒಬ್ಬರದು, ತಜ್ಞರು ಇನ್ನೊಬ್ಬರ ಕಡೆಯವರು, ಜಾಗ ಮತ್ತು ಊಟ ನಮ್ಮದು. ಜನನ, ಮರಣ, ಪಿಂಚಣಿ ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ಕೊಡುವುದು ಹೇಗೆಂದು ಅವರಿಗೆ ತೋರಿಸುವುದಂತೆ.

"ಆ ಕಿಟಕಿ ನಮ್ಮ ಕಲ್ಯಾಣದ ಕಚೇರಿಯಲ್ಲಿ ಎಲ್ಲಿ ಉಂಟು ಅಂತ ನನಗೂ ಸ್ವಲ್ಪ ತೋರಿಸಿ ಮೇಡಂ," ಎಂದೆ.

ಮೇಡಂ ನಗಲಿಲ್ಲ. ನಗದವರೊಡನೆ ಚೌಕಾಸಿ ಬೇಗ ಮುಗಿಯುತ್ತದೆ. ಡೊಂಬಿವಲಿ ಕೈಗಾರಿಕಾ ಪ್ರದೇಶದ ಕ್ಯಾಂಟೀನಿನಲ್ಲಿ ಟೇಬಲ್ ಒರೆಸುತ್ತ ಕಲಿತ ವಿದ್ಯೆ ಅದು. ಕೆಲಸ ನನಗೇ ಸಿಕ್ಕಿತು.

ಬಂದವರಲ್ಲಿ ಒಬ್ಬರು ಯೆಮನ್‌ನವರು, ಅಲ್ಲಿಯ ಒಂದು ಊರಿನ ಜನನ-ಮರಣ ನೋಂದಣಿ ಕಚೇರಿಯ ಮುಖ್ಯಸ್ಥರು. ಪ್ರಾಯದಲ್ಲಿ ಪುಣೆಯಲ್ಲಿ ಓದಿದ್ದರಿಂದ ಹಿಂದಿ ಬರುತ್ತಿತ್ತು. ಚಹಾ ಲೋಟ ಹಿಡಿದು ನನ್ನ ಕೌಂಟರ್ ಬಳಿ ನಿಲ್ಲುತ್ತಿದ್ದರು, ಯಾವಾಗಲೂ ಬಾಗಿಲಿಗೆ ಮುಖಮಾಡಿ. ನಮ್ಮ ಮನೆಯಲ್ಲೂ ಹಾಗೆ ನಿಲ್ಲುವವರೊಬ್ಬರಿದ್ದಾರೆ. ಹಾಗಾಗಿ ಕೇಳಿಬಿಟ್ಟೆ.

"ಸಾಬ್, ಯಾರು ಬರಬೇಕಿತ್ತು?"

ತಮ್ಮ, ಎಂದರು. ಯುದ್ಧ ಶುರುವಾದ ಹೊಸತರಲ್ಲಿ ಯಾರೋ ಬಸ್ಸು ತಡೆದು ಅವನನ್ನು ಇಳಿಸಿಕೊಂಡರು. ಬಸ್ಸು ಊರು ಮುಟ್ಟಿತು. ಅವನ ಹೆಂಡತಿ ಈಗಲೂ ಅವರ ಮನೆಯಲ್ಲೇ ಇದ್ದಾಳೆ. ಇಲ್ಲಿ ತಯಾರಾಗುತ್ತಿದ್ದ ಹೊಸ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮನುಷ್ಯನಿಗೆ ಎರಡೇ ಕಾಲಂ: ಬದುಕಿದ್ದಾನೆ, ಸತ್ತಿದ್ದಾನೆ. ಕಾಣೆಯಾದವನು ಇಂತಿಷ್ಟು ವರ್ಷ ಕಳೆದ ಮೇಲೆ ತಾನಾಗಿ ಎರಡನೆಯದಕ್ಕೆ ಜಾರುತ್ತಾನೆ. ಮೊದಲು ಇದು ಇವರ ಊರಿನಲ್ಲಿ ಜಾರಿಗೆ ಬರಬೇಕು. ತರಬೇತಿಯ ಕೊನೆಯ ದಿನ ಇವರು ಒಪ್ಪಿ ಸಹಿ ಹಾಕಬೇಕು.

"ಕಾಯುತ್ತಿರುವ ಮನೆಗಳು ತುಂಬ ಇವೆ ಸೇಠ್. ನನ್ನ ಒಂದು ಸಹಿಗೆ ಎಲ್ಲರೂ ಸಾಯುತ್ತಾರೆ. ನನ್ನ ತಮ್ಮನೂ. ನೀವಾಗಿದ್ದರೆ ಹಾಕುತ್ತಿದ್ದಿರಾ?"

"ಹಾಕಿಬಿಡಿ," ಎಂದೆ. ಕೇಳದಿದ್ದರೂ ಸಲಹೆ ಕೊಡುವುದು ನನ್ನ ಸ್ವಭಾವ. ಇಲ್ಲಿ ಅವರು ಕೇಳಿಯೂ ಇದ್ದರು. ನನ್ನ ಅಣ್ಣನ ವಿಷಯ ಹೇಳಿದೆ. ಹಡಗಿನಲ್ಲಿ ಅಡುಗೆಗೆ ಹೋದವನು ಯಾವುದೋ ಬಂದರಿನಲ್ಲಿ ಇಳಿದದ್ದನ್ನು ಕಂಡವರಿದ್ದಾರೆ, ಮರಳಿ ಹತ್ತಿದ್ದನ್ನು ಕಂಡವರಿಲ್ಲ. ಕೋರ್ಟಿಗೆ ಹೋಗಿ ಸತ್ತನೆಂದು ಬರೆಸಿಕೊಳ್ಳಲು ಅತ್ತಿಗೆ ಒಪ್ಪಲಿಲ್ಲ. ವರ್ತಕ ನಗರದಲ್ಲಿ ಅವನ ಹೆಸರಿನಲ್ಲಿರುವ ಮನೆ ಬೀಗ ಹಾಕಿ ಬಿದ್ದಿದೆ. ಅತ್ತಿಗೆ ಠಾಕುರ್ಲಿಯಲ್ಲಿ ನಮ್ಮ ಜೊತೆ. "ಸತ್ತವನ ಹೆಂಡತಿಗೆ ಏನಾದರೂ ಬರುತ್ತದೆ ಸಾಬ್. ಕಾಯುವವಳಿಗೆ ಏನು ಬರುತ್ತದೆ?"

"ನಿಮ್ಮ ಭಾಬಿ ಏನನ್ನುತ್ತಾರೆ?"

"ಏನೂ ಅನ್ನುವುದಿಲ್ಲ. ಅದೇ ಕಷ್ಟ."

ಅತ್ತಿಗೆಯನ್ನು ನೋಡಬೇಕು ಎಂದರು. ಆ ಭಾನುವಾರ ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳ ಅಗೆಲು ಇತ್ತು. ತೀರಿಹೋದ ಹಿರಿಯರಿಗೆ ಒಂದು ಕೋಣೆಯಲ್ಲಿ ಎಲೆ ಹಾಕಿ, ಕೋಳಿ ಸಾರು, ಅನ್ನ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ತುಳುವರ ಕ್ರಮ. ಅವರು ಉಂಡಾಯಿತು ಅನ್ನುವಷ್ಟು ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆರೆಯಬೇಕು. ಫ್ಲ್ಯಾಟಿನಲ್ಲಿ ಬೇರೆ ಕೋಣೆ ಎಲ್ಲಿಂದ ತರುವುದು. ಬೆಡ್‌ರೂಮಿನ ಮಂಚವನ್ನು ಗೋಡೆಗೆ ನಿಲ್ಲಿಸಿ, ಎಲೆ ಹಾರದಂತೆ ಫ್ಯಾನ್ ಆರಿಸುತ್ತೇವೆ. ಅತಿಥಿಗೆ ನಡೆಯಲಿ ಎಂದು ಆ ಸಲ ಕೋಳಿಯನ್ನು ಹಲಾಲ್ ಅಂಗಡಿಯಿಂದ ತಂದೆ. ಹಿರಿಯರು ಆಕ್ಷೇಪ ಎತ್ತಲಿಲ್ಲ. ಅಗೆಲಿಗೆ ಇಟ್ಟದ್ದನ್ನು ಅತಿಥಿ ಉಣ್ಣಲಿಕ್ಕಿಲ್ಲ ಎಂದು ಅತ್ತಿಗೆ ಬೇರೆ ಪಾತ್ರೆಯಲ್ಲಿ ಮೊದಲೇ ಸಾರು ತೆಗೆದಿಟ್ಟಿದ್ದರು.

ಅತ್ತಿಗೆಗೆ ಅವರದೇ ಒಂದು ಕ್ರಮವಿದೆ. ಅಣ್ಣನ ಎಲೆಯನ್ನು ಒಳಗೆ ಹಾಕಲು ಬಿಡುವುದಿಲ್ಲ. ಮುಚ್ಚಿದ ಬಾಗಿಲ ಹೊರಗೆ, ಹಾಲ್‌ನಲ್ಲಿ, ಒಂದು ಎಲೆ ಹಾಕಿ, ಬೇರೆ ಪಾತ್ರೆಯಿಂದಲೇ ಬಡಿಸಿ, ಮೇಲೆ ಸ್ಟೀಲ್ ತಟ್ಟೆ ಕವುಚಿ, ಪಕ್ಕದಲ್ಲಿ ನೀರು ಇಡುತ್ತಾರೆ. ಅದು ಅಗೆಲಲ್ಲ, ಬರುವವನ ಊಟ. ನಾವು ಬಾಗಿಲ ಮುಂದೆ ಮಾತಿಲ್ಲದೆ ನಿಂತಿರುವಾಗ ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಎಲ್ಲರ ಕತ್ತೂ ಆ ಕಡೆ ತಿರುಗುತ್ತದೆ. ನನ್ನದು ಕೂಡ.

ಆ ದಿನ ಲಿಫ್ಟ್ ನಿಂತಿತು. ಬೆಲ್ ಆಯಿತು. ಮಳೆಯಲ್ಲಿ ನೆನೆದ ಯೆಮನ್ ಸಾಹೇಬರು ಒಳಗೆ ಬಂದರು. ಅವರ ಕಡೆ ಮನೆಯವರು ನಿಂತು, ಅತಿಥಿಯನ್ನು ಮೊದಲು ಕೂರಿಸುತ್ತಾರಂತೆ. ಇಲ್ಲಿ ಎಲ್ಲರೂ ನಿಂತಿದ್ದೇವೆ, ಒಂದೇ ಎಲೆ, ನೀರೂ ಇದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ತೊಳೆದು ಬಂದು ಎಲೆಯ ಮುಂದೆ ಕೂತು, ತಟ್ಟೆ ಎತ್ತಿ, "ಬಿಸ್ಮಿಲ್ಲಾ" ಎಂದು ಅನ್ನಕ್ಕೆ ಕೈಹಾಕಿದರು.

ಮನೆಯವರೆಲ್ಲ ಅವರ ಕೈಯನ್ನೇ ನೋಡಿದರು. ನಾನು ಮುಂದೆ ಹೋದೆ. ಅತ್ತಿಗೆ ನನ್ನ ತೋಳು ಹಿಡಿದರು. ಸಾರಿನ ಪಾತ್ರೆ ತಂದು, ಅವರ ಎದುರು ಕೂತು, "ಖಾವೋ ಭಾಯಿ, ಆರಾಮ್ ಸೇ," ಎಂದು ಇನ್ನೊಂದು ಸೌಟು ಬಡಿಸಿದರು. ಅಷ್ಟು ವರ್ಷಗಳಲ್ಲಿ ಆ ಎಲೆಗೆ ಎರಡನೆಯ ಸಲ ಬಡಿಸಿದ್ದು ಅದೇ ಮೊದಲು. ಒಳಗೆ ಹಿರಿಯರು, ಹೊರಗೆ ಅವರು. ಉಣ್ಣುವ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಒಂದು ಕ್ಷಣ ನನಗೆ ಗೊತ್ತಾಗಲಿಲ್ಲ.

ರಾತ್ರಿಯಾಗುವ ಮೊದಲು ಅವರನ್ನು ಬೇಲಾಪುರಕ್ಕೆ ಬಿಡಲು ಹೊರಟೆ. ಶಿಳ್ ಫಾಟಾ ರಸ್ತೆಯ ಟ್ರಾಫಿಕ್ಕಿನಲ್ಲಿ ಅವರೇ ಕೇಳಿದರು, ನಾನು ಕೂತಾಗ ಯಾಕೆ ಎಲ್ಲರೂ ಹಾಗೆ ನೋಡಿದಿರಿ ಎಂದು. ಹೇಳಿದೆ. ಅವರು ಉಂಡ ಬಲಗೈಯನ್ನು ನೋಡಿಕೊಂಡರು.

"ಒಳಗೆ ಸತ್ತವರ ಜೊತೆಯೂ ಅಲ್ಲ, ಎಲೆಯೇ ಇಲ್ಲವೆಂದೂ ಅಲ್ಲ," ಎಂದರು. "ನನಗೆ ಮೂರನೆಯ ಕಾಲಂ ಬೇಕು ಸೇಠ್. ತಜ್ಞರು ಕೊಡುವುದಿಲ್ಲ."

ಇದು ನನ್ನ ಕ್ಷೇತ್ರ. "ಒಂದು ಬೇಕಾದರೆ ಒಂದನ್ನೇ ಕೇಳಬೇಡಿ ಸಾಬ್. ಮೂರು ಕೇಳಿ. ಎರಡನ್ನು ತುಂಬ ಬೇಜಾರಿನಿಂದ ಬಿಟ್ಟುಕೊಡಿ. ಆಮೇಲೆ ಬಾಯಿ ಮುಚ್ಚಿ ಕೂರಿ. ಮೊದಲು ಮಾತಾಡಿದವನು ಸೋತ."

"ಬೇಜಾರು ನಟಿಸಲು ಬರುವುದಿಲ್ಲ."

"ನಿಮಗೆ ಬೇರೆ ಮುಖ ಎಲ್ಲಿದೆ? ಇದೇ ಸಾಕು."

ಆಗ ನಕ್ಕರು.

ಕೊನೆಯ ದಿನ ಊಟಕ್ಕೆ ಮೊದಲು ಮಾತುಕತೆ ನಡೆಯಿತು. ನಾನು ಸಭಾಂಗಣದ ಹಿಂದುಗಡೆ ಅನ್ನದ ಪಾತ್ರೆ ಹಿಡಿದು ನಿಂತಿದ್ದೆ. ಇಂಗ್ಲಿಷಿನಲ್ಲಿ ನಡೆದರೂ ಚೌಕಾಸಿ ಚೌಕಾಸಿಯೇ. ಸಾಹೇಬರು ಪ್ರತಿ ಪೇಟೆಗೂ ಕಚೇರಿ ಕೇಳಿದರು. ಯುರೋಪಿನ ತಜ್ಞೆ ಆಗದು ಎಂದರು. ಇನ್ನಷ್ಟು ಕಾಲಾವಕಾಶ ಕೇಳಿದರು, ಅದೂ ಆಗದು. ಮೂರನೆಯದನ್ನು ಹೇಳಿ ಸುಮ್ಮನಾದರು. ಅನ್ನ ಆರಿತು. ಕೊನೆಗೆ ತಜ್ಞೆಯೇ ಕೇಳಿದರು, ಆ ಕಾಲಂನಲ್ಲಿ ಏನಿರುತ್ತದೆ ಎಂದು.

"ಮನೆಯವರು ಯಾರಿಗಾಗಿ ಕಾಯುತ್ತಿದ್ದಾರೋ ಅವರು," ಎಂದರು ಸಾಹೇಬರು. "ಹೆಂಡತಿಗೆ ಪಿಂಚಣಿ, ಮಕ್ಕಳಿಗೆ ಶಾಲೆ ಸಿಗಬೇಕು. ಹೆಸರು ಮಾತ್ರ ಮುಚ್ಚಬಾರದು."

ಸಿಕ್ಕಿತು. ಸಹಿ ಹಾಕಿದರು. ಊರಿಗೆ ಹೋದ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು: ಕಿಟಕಿ ತೆರೆದ ದಿನ ತಮ್ಮನ ಹೆಂಡತಿ ತಾನೇ ಬಂದು ಹೆಸರು ಹೇಳಿದಳು, ಮೂರನೆಯ ಕಾಲಂನಲ್ಲಿ ನಾನೇ ಬರೆದುಕೊಂಡೆ, ಭಾಬಿಗೆ ಹೇಳಿ. ಅತ್ತಿಗೆ ಅದನ್ನು ಎರಡು ಸಲ ಕೇಳಿ, ವರ್ತಕ ನಗರದ ಬೀಗದ ಕೈ ಇರುವ ಡಬ್ಬಿಯನ್ನು ಒಮ್ಮೆ ತೆರೆದು ಮುಚ್ಚಿದರು.

ಆಮೇಲೆ ಅವರ ಊರಿನ ಮೇಲೆ ಬಾಂಬ್ ಬಿದ್ದ ಸುದ್ದಿ ಬಂತು. ನಾನು ಕಳಿಸಿದ ಮೆಸೇಜುಗಳು ಒಂದೇ ಟಿಕ್ಕಿನಲ್ಲಿ ನಿಂತಿವೆ. ಬೇಲಾಪುರದ ಮೇಡಂಗೂ ತಿಳಿಯದು.

ಈ ಆಟಿಯಲ್ಲಿ ಒಳಗೆ ಬಡಿಸಿ ಬಾಗಿಲು ಮುಚ್ಚಿದ ಮೇಲೆ ಅತ್ತಿಗೆ ಹಾಲ್‌ಗೆ ಎರಡು ಎಲೆ ತಂದರು.

"ಅತ್ತಿಗೆ, ಫೋನ್ ಹಾಳಾಗಿರಬಹುದು. ಅಲ್ಲಿ ನೆಟ್‌ವರ್ಕ್ ಇರಲಿಕ್ಕಿಲ್ಲ," ಎಂದೆ.

"ಅದಕ್ಕೇ ಅಲ್ಲವಾ ಮಾರಾಯ, ಹೊರಗೆ ಹಾಕಿದ್ದು."

ಲಿಫ್ಟ್ ನಿಂತ ಸದ್ದಾಯಿತು. ಕತ್ತುಗಳು ತಿರುಗಿದವು. ಎದುರು ಮನೆಯ ಬಾಗಿಲು ತೆರೆದು ಮುಚ್ಚಿತು. ನಾನು ಇನ್ನೊಂದು ಲೋಟಕ್ಕೆ ನೀರು ತುಂಬಿಸಿ ಎರಡನೆಯ ಎಲೆಯ ಪಕ್ಕ ಇಟ್ಟೆ. ಕೋಳಿ ಯಾವ ಅಂಗಡಿಯದು ಎಂದು ಕೇಳಿದೆ. ಹಲಾಲ್ ಅಂಗಡಿಯದೇ, ಎಂದರು ಅತ್ತಿಗೆ.