ಹುಣಸೆಹಣ್ಣು ಹಚ್ಚಿದ ಪ್ಲಗ್

ರಿಟೈರ್ ಆದಮೇಲೆ ನಮ್ಮ ಯಜಮಾನರಿಗೆ ಹಿಡಿದ ಹುಚ್ಚು, ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ. ಕೋಲಾರದ ಮನೆಯ ಡೈನಿಂಗ್ ಟೇಬಲ್ ಪೂರ್ತಿ ಅವರ ವರ್ಕ್‌ಶಾಪ್. ನಾನು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆ. ಹೋದ ವರ್ಷ ಅವರ ಬಲಗೈ ನಡುಗೋಕೆ ಶುರುವಾಯಿತು. ಆದರೂ ಹಠ ಹಿಡಿದು ಬ್ಯಾಟರಿಯ ಪ್ಲಗ್ಗಿಗೆ ತಾವೇ ಬೆಸುಗೆ ಹಾಕಿದರು. ಎರಡು ಮಧ್ಯಾಹ್ನ ಹಿಡಿಯಿತು. “ಇದೊಂದು ಹಾರಲಿ, ಕೈ ಇನ್ನೂ ನನ್ನದೇ ಅಂದ್ಕೊಳ್ತೀನಿ,” ಅಂದರು.

ಹಾರಿಸುವ ಮುಂಚೆ ಟೆಸ್ಟ್. ಸ್ವಿಚ್ ಹಾಕಿ ಒಂದೊಂದೇ ವೈರನ್ನು ಅಲ್ಲಾಡಿಸೋದು ನನ್ನ ಡ್ಯೂಟಿ, ವಿಮಾನದ ಬಾಲ ನೋಡೋದು ಅವರದು. ಎಲ್ಲಾದರೂ ಕನೆಕ್ಷನ್ ಲೂಸಿದ್ದರೆ ಬಾಲ ಅದುರುತ್ತದೆ. ಬ್ಯಾಟರಿ ಪ್ಲಗ್ ಮುಟ್ಟಿದೆ, ಬಾಲ ಅದುರಿತು.

“ಇದು ನನಗಿಂತ ಜಾಸ್ತಿ ನಡುಗ್ತದಲ್ಲೇ.”

“ನಿಮ್ಮ ಹತ್ರಾನೇ ಕಲ್ತಿರೋದು ತಾನೆ,” ಅಂದೆ.

ಪ್ಲಗ್ಗಿನ ಪಿನ್ನು ಕಪ್ಪಗಿತ್ತು. ಸ್ಪಿರಿಟ್ಟಲ್ಲಿ ಒರೆಸು ಅಂತ ಹೇಳಿ ಅವರು ಮಲಗೋಕೆ ಹೋದರು. ಸ್ಪಿರಿಟ್ ಮುಗಿದಿತ್ತು. ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಪಿನ್ನು ಫಳಫಳ ಅಂತು. ಅವರು ಎದ್ದಮೇಲೆ ಮತ್ತೆ ಟೆಸ್ಟ್ ಮಾಡಿದೆವು, ಬಾಲ ಅದುರಲಿಲ್ಲ. “ವೆರಿ ಗುಡ್, ಮೇಡಂ,” ಅಂದರು. ಹುಣಸೆಹಣ್ಣಿನ ಮಾತು ನಾನು ಎತ್ತಲಿಲ್ಲ.

ಆಮೇಲೆ ಮಳೆ ಹಿಡಿದು, ಮೂರು ವಾರ ಬಿಟ್ಟು ಹುತ್ತೂರಿನ ಕಡೆ ಬಯಲಿಗೆ ಹೋದೆವು. ವಿಮಾನ ಚೆನ್ನಾಗಿಯೇ ಎದ್ದಿತು. ಎರಡನೇ ಸುತ್ತಿನಲ್ಲಿ ಹಿಪ್ಪುನೇರಳೆ ತೋಟದ ಮೇಲೆ ಮಾತು ಕೇಳದೆ ಹೋಯಿತು, ಮೂತಿ ಕೆಳಗಾಗಿ ಬಂಡೆಯ ಮೇಲೆ ಬಿತ್ತು. ಬಿದ್ದಮೇಲೂ ಅವರು ರಿಮೋಟಿನ ಕಡ್ಡಿ ಎಳೀತಾನೇ ಇದ್ದರು.

“ಬೆಸುಗೆ ಬಿಟ್ಟಿರ್ತದೆ. ನನ್ನ ಕೈ ಕಥೆ ಮುಗೀತು ಕಣೇ.”

ಅವರು ಚೂರುಗಳ ಕಡೆ ತಿರುಗಿಯೂ ನೋಡಲಿಲ್ಲ. ನಾನೇ ಆಯ್ದುಕೊಂಡು ಬಂದು ಮನೆಯಲ್ಲಿ ಪ್ಲಗ್ ಬಿಚ್ಚಿದೆ. ಬೆಸುಗೆ ಗಟ್ಟಿಯಾಗಿತ್ತು. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಹುಳಿ ಸರಿಯಾಗಿ ತೊಳೆಯದ ದೀಪಕ್ಕೆ ಬರುತ್ತಲ್ಲ, ಅದೇ. ನಾಚಿಕೆಯಾಯಿತು. ಸೂಜಿ ತಗೊಂಡು ಕೆರೆದು ಕ್ಲೀನ್ ಮಾಡಿಟ್ಟೆ. ಯಾಕೆ ಮಾಡಿದೆನೋ.

ತಪ್ಪು ಮಾಡಿದರೆ ಓನ್ ಅಪ್ ಮಾಡಬೇಕು, ನಾವೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು ಅಂತ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ನನಗೆ ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಅವರು ಟೇಬಲ್ ಖಾಲಿ ಮಾಡಿದ್ದರು. ಎಲ್ಲಾ ಹೇಳಿ ಪ್ಲಗ್ ಕೈಗಿಟ್ಟೆ. ಕಿಟಕಿಯ ಹತ್ತಿರ ಹಿಡಿದು, ತಿರುಗಿಸಿ ನೋಡಿದರು.

“ಎಲ್ಲಿದೆ ಕಿಲುಬು?”

“ನಾನೇ ಕೆರೆದೆ.”

“ಬಿಡೇ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಬೇರೆ ಹೇಳ್ತೀಯಾ,” ಅಂದು ನನ್ನ ಬೆನ್ನು ಸವರಿದರು. ಆ ಕೈ ನಡುಗುತ್ತಿತ್ತು.

ಈಗ ಇಬ್ಬರೂ ಟೇಬಲ್ಲಿನ ಮೇಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತೇವೆ.