ಫೇಲಾದವರ ಕಪಾಟು ಕಟ್ಟಿದ ದೊಡ್ಡಮ್ಮ

ಕಾಲೇಜೊಂದರ ಹಿರಿಮೆಯನ್ನು ಅಳೆಯಲು ಹೊರಟವರು ಮೊದಲು ಕಟ್ಟಡ ನೋಡುತ್ತಾರೆ, ಆಮೇಲೆ ರ‍್ಯಾಂಕು ಬಂದವರ ಭಾವಚಿತ್ರ ನೋಡುತ್ತಾರೆ, ಗ್ರಂಥಾಲಯಕ್ಕೆ ಬಂದರೆ ಗಾಜಿನ ಬೀರುವಿನೊಳಗೆ ಮಿರಮಿರ ಮಿಂಚುವ ದಪ್ಪ ಸಂಪುಟಗಳನ್ನು ಕಂಡು ತಲೆದೂಗಿ ಹೊರಡುತ್ತಾರೆ. ಆ ಸಂಪುಟಗಳನ್ನು ಯಾರು ಓದಿದರು, ಯಾರಿಗೆ ಓದಲು ಬಿಡಲಿಲ್ಲ ಎಂದು ಕೇಳುವವರು ಅಪರೂಪ. ಕೇಳಿದ್ದಷ್ಟೇ ಅಲ್ಲ, ಉತ್ತರ ಸಿಗುವವರೆಗೆ ಜಾಗ ಬಿಟ್ಟು ಕದಲದೆ ನಿಂತವರು ಇನ್ನೂ ಅಪರೂಪ. ಗ್ರಂಥಪಾಲಕಿಯ ಹುದ್ದೆಯಿಂದ ಈ ವರ್ಷ ನಿವೃತ್ತರಾದ, ಕಾಲೇಜಿನ ಗೋಡೆ ಗೋಡೆಗೂ 'ದೊಡ್ಡಮ್ಮ' ಎಂದೇ ಪರಿಚಿತರಾದ ಹಿರಿಯರು ಅಂಥ ಅಪರೂಪದವರಲ್ಲಿ ಒಬ್ಬರು.

ಆ ಹೆಸರು ಬಂದದ್ದೂ ತಮಾಷೆಯಾಗಿಯೇ. ಪುಸ್ತಕದಲ್ಲಿ ಮುಳುಗಿಹೋಗಿದ್ದ ವಿದ್ಯಾರ್ಥಿಯೊಬ್ಬ ತಲೆಯೆತ್ತದೆ, "ದೊಡ್ಡಮ್ಮಾ, ಒಂದ್ಲೋಟ ನೀರು ಕೊಡು" ಎಂದುಬಿಟ್ಟ. ಎಲ್ಲರೂ ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ, ನೀರು ತಂದಿಟ್ಟು, "ಓದ್ತಾ ಓದ್ತಾ ಮನೇಲಿದ್ದೀನಿ ಅನ್ನಿಸ್ತಾ? ಹಾಗಾದ್ರೆ ನನ್ನ ಸಂಬಳ ಸಾರ್ಥಕ ಆಯ್ತು ಬಿಡು" ಎಂದರು. ಅಂದಿನಿಂದ ಮೇಡಂ ಹೋಗಿ ದೊಡ್ಡಮ್ಮ ಉಳಿದರು.

ಅವರು ಸೇವೆಗೆ ಸೇರಿದ ಕಾಲದಲ್ಲಿ ಗ್ರಂಥಾಲಯವೆಂದರೆ ಒಂದು ಕೌಂಟರು, ಅದರಾಚೆ ಕತ್ತಲು, ಕತ್ತಲಿನೊಳಗೆ ಎಲ್ಲೋ ಪುಸ್ತಕ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಿಬ್ಬಂದಿ ತಂದುಕೊಡುತ್ತಿದ್ದರು. ಹೆಸರೇ ಗೊತ್ತಿಲ್ಲದವರು, ಮನೆಯಲ್ಲಿ ಪುಸ್ತಕದ ಹೆಸರು ಹೇಳುವ ಅಪ್ಪನಾಗಲಿ ಅಣ್ಣನಾಗಲಿ ಇಲ್ಲದವರು, ಖಾಲಿ ಚೀಟಿ ಹಿಡಿದು ನಿಂತು ಹಾಗೆಯೇ ಹೊರಟುಹೋಗುತ್ತಿದ್ದರು. ವಿಭಾಗಗಳು 'ಓದಲೇಬೇಕಾದ ಗ್ರಂಥಗಳು' ಎಂಬ ತಲೆಬರಹದಡಿ ಸೂಚನಾಫಲಕಕ್ಕೆ ಅಂಟಿಸುತ್ತಿದ್ದ ಹಾಳೆಗಳು ಇದ್ದೇ ಇದ್ದವು. ಅವುಗಳಲ್ಲಿದ್ದ ಗ್ರಂಥಗಳಾದರೋ, ವಿಷಯ ಮೊದಲೇ ತಿಳಿದವರಿಗೆ ಮಾತ್ರ ತಿಳಿಯುವಂಥವು.

ಈ ವಿಚಾರ ದೊಡ್ಡಮ್ಮನವರಿಗೆ ಮೈಗೆ ತಾಕಿ ಗೊತ್ತಿತ್ತು. ಗ್ರಂಥಾಲಯ ವಿಜ್ಞಾನದ ಪರೀಕ್ಷೆಯಲ್ಲಿ, ಅದೂ ಪುಸ್ತಕಗಳ ವರ್ಗೀಕರಣದ ಪತ್ರಿಕೆಯಲ್ಲಿ, ಅವರು ಫೇಲಾಗಿದ್ದರು. ಇದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಅವರ ಅಣ್ಣ ಆಗ, "ನಮ್ಮನೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ, ಲೋಕದ ಪುಸ್ತಕನೆಲ್ಲಾ ಜೋಡಿಸ್ತೀನಿ ಅಂತ ಹೊರಟ್ಲು ನೋಡಿ ಮಹಾತಾಯಿ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ರೇಗಿಸಿದ್ದನ್ನು ಅವರೇ ನಕ್ಕು ಹೇಳುತ್ತಿದ್ದರು. ಪಾಸು ಮಾಡಿಸಿದ್ದು ಯಾವ ಪ್ರಾಧ್ಯಾಪಕರೂ ಅಲ್ಲ. ಅದೇ ಪತ್ರಿಕೆಯಲ್ಲಿ ಹಿಂದಿನ ವರ್ಷ ಮುಗ್ಗರಿಸಿ ಆಮೇಲೆ ಗೆದ್ದ ಒಬ್ಬ ಗೆಳತಿ. ಆಕೆ ಒಂದು ತೆಳ್ಳನೆಯ ಪುಸ್ತಕ ಕೈಗಿಟ್ಟು, "ಮೊದಲಿಂದ ಓದಬೇಡ ಕಣೇ, ನಡುವಿನ ಅಧ್ಯಾಯದಿಂದ ಶುರುಮಾಡು. ನಾನೂ ನೀನೂ ಬಿದ್ದಿರೋದು ಅಲ್ಲೇ" ಎಂದಿದ್ದಳು.

ಕೌಂಟರಿನ ಹಿಂದಿನ ಕತ್ತಲನ್ನು ತೆರೆದು ಕಪಾಟುಗಳ ನಡುವೆ ವಿದ್ಯಾರ್ಥಿಗಳು ಓಡಾಡುವಂತೆ ಮಾಡಿಸಿದ ಮೇಲೆ, ದೊಡ್ಡಮ್ಮ ಮಾಡಿದ ಎರಡನೆಯ ಕೆಲಸವೇ ಆ ಗೆಳತಿಯ ಮಾತನ್ನು ಕಪಾಟಾಗಿಸಿದ್ದು. ಅದರಲ್ಲಿ ಪುಸ್ತಕ ಸೂಚಿಸುವ ಅಧಿಕಾರ ಅಧ್ಯಾಪಕರಿಗಿಲ್ಲ, ಚಿನ್ನದ ಪದಕದವರಿಗೂ ಇಲ್ಲ. ಯಾವುದಾದರೂ ಪತ್ರಿಕೆಯಲ್ಲಿ ಒಮ್ಮೆಯಾದರೂ ಫೇಲಾಗಿ ಆಮೇಲೆ ಪಾಸಾದವರು ಮಾತ್ರ, ತಮಗೆ ದಾರಿ ಕಾಣಿಸಿದ ಒಂದೇ ಒಂದು ಪುಸ್ತಕವನ್ನು ಅಲ್ಲಿಡಬಹುದು; ಎಲ್ಲಿಂದ ಓದಲು ಶುರುಮಾಡಬೇಕೆಂದೂ ಹೇಳಬೇಕು. ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಇದು ತಮ್ಮ ಕುರ್ಚಿಗೇ ಕೈಹಾಕಿದಂತೆ ಕಂಡಿತು.

"ಏನ್ರೀ ಇದು, ಫೇಲಾದೋರ ಹತ್ರ ಪುಸ್ತಕ ಕೇಳ್ತಿದ್ದೀರಂತೆ? ನಾಳೆ ಈಜು ಕಲಿಯೋಕೆ ಮುಳುಗಿದೋರ ಹತ್ರ ಹೋಗ್ತೀರಾ?"

"ಮುಳುಗಿ ಎದ್ದು ಬಂದೋರ ಹತ್ರ ಹೋಗ್ತೀನಿ ಸರ್. ನೀವು ಬಿಡಿ, ದಡದ ಮೇಲೇ ಹುಟ್ಟಿದೋರು."

ಮೇಷ್ಟ್ರು ಕೆಂಪಾದರು, ಆಮೇಲೆ ತಾವೂ ನಕ್ಕರು. ಕೆಲವೇ ತಿಂಗಳಲ್ಲಿ ಪದಕದವರೂ ಆ ಕಪಾಟಿನ ಮುಂದೆ, ಯಾರಾದರೂ ನೋಡುತ್ತಾರೇನೋ ಎಂದು ಹಿಂದೆಮುಂದೆ ನೋಡುತ್ತ ಸುಳಿದಾಡತೊಡಗಿದರು.

ಆದರೆ ಈ ಕಥೆಯಲ್ಲಿ ನಗಲಾಗದ ಒಂದು ಮಾತಿದೆ. ಫೇಲಾದವರು ಆಯ್ದ ಪುಸ್ತಕಗಳನ್ನು ಆ ವರ್ಷ ಫೇಲಾದವರೇ ಮುಟ್ಟುವಂತಿರಲಿಲ್ಲ. ಪಾಸಾಗದೆ ಪತ್ರಿಕೆ ಉಳಿಸಿಕೊಂಡವರ ಹೆಸರು ಹಾಜರಿ ಪಟ್ಟಿಯಿಂದ ಹೋಗುತ್ತಿತ್ತು, ಹೆಸರಿನ ಜೊತೆ ಗ್ರಂಥಾಲಯದ ಕಾರ್ಡೂ ಹೋಗುತ್ತಿತ್ತು. ಮನೆ ತುಂಬ ಪುಸ್ತಕವಿದ್ದವರಿಗೆ ಇದೊಂದು ನಷ್ಟವೇ ಅಲ್ಲ. ಇಲ್ಲದವರಿಗೆ ಇದು ಬಿದ್ದವರ ಕೈಯಿಂದ ಊರುಗೋಲು ಕಿತ್ತುಕೊಂಡ ಹಾಗೆ. ನಿಯಮ ಮಾಡಿದವರು ಇದನ್ನು ಯೋಚಿಸಲಿಲ್ಲವೆಂದು ಹೇಳಿ ಅವರನ್ನು ಕ್ಷಮಿಸುವುದು ಸುಲಭ. ಯೋಚಿಸದೇ ಇರುವುದಕ್ಕೂ ಒಂದು ಸೌಕರ್ಯ ಬೇಕು, ಆ ಸೌಕರ್ಯ ಅವರಿಗಿತ್ತು.

ಆಗ ಬಾಗಿಲಿಗೆ ಬಂದು ನಿಂತವಳು ಒಬ್ಬ ದರ್ಜಿಯ ಮಗಳು. ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ ಅವಳನ್ನು ಬಿಟ್ಟೂ ಬಿಡದೆ ಕಾಡುತ್ತಿತ್ತು. ಅನುಮತಿಯಿದ್ದದ್ದು ಇನ್ನೊಂದೇ ಪ್ರಯತ್ನಕ್ಕೆ. ಅದೂ ಕೈಕೊಟ್ಟರೆ ಅಷ್ಟು ವರ್ಷದ ಓದೆಲ್ಲ ನೀರಿನಲ್ಲಿ ಹೋಮ. ದಿನದ ಅರ್ಧ ಹೊತ್ತು ಅಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿಯುವವಳಿಗೆ, ಹೊಲಿಗೆಯಂತ್ರ, ಬಟ್ಟೆಯ ರಾಶಿ, ತಮ್ಮ ತಂಗಿಯರ ನಡುವೆ ಪುಸ್ತಕ ಬಿಚ್ಚಲು ಒಂದು ಮೊಳ ಜಾಗವಿರಲಿಲ್ಲ. ಗ್ರಂಥಾಲಯದ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದ, ಎಲ್ಲರೂ ಬೀಗದಣ್ಣ ಎನ್ನುತ್ತಿದ್ದ ಅಟೆಂಡರು ಅವಳನ್ನು ವಾಪಸು ಕಳಿಸಲಾರದೆ ದೊಡ್ಡಮ್ಮನವರ ಮೇಜಿನ ಬಳಿ ಬಂದು ನಿಂತ. "ಆ ಮಗೂನ ಹೋಗು ಅನ್ನೋಕೆ ನನ್ನ ಕೈಲಾಗಲ್ಲ. ನೀವೇ ಹೇಳಿ."

ದೊಡ್ಡಮ್ಮ ನೇರ ಪ್ರಿನ್ಸಿಪಾಲರ ಕೊಠಡಿಗೆ ಹೋದರು.

"ಸರ್, ಜ್ವರ ಬಂದೋರನ್ನ ಎಬ್ಬಿಸಿ ಕಳಿಸಿ, ಗಟ್ಟಿಮುಟ್ಟಾಗಿರೋರಿಗೆ ಮಂಚ ಕೊಡೋ ಆಸ್ಪತ್ರೆ ಎಲ್ಲಾದ್ರೂ ನೋಡಿದ್ದೀರಾ?"

"ಇದು ಆಸ್ಪತ್ರೆ ಅಲ್ಲ ಮೇಡಂ. ನಿಯಮ ಇದೆ. ಅವರು ಲೈಬ್ರರಿ ಒಳಗೆ ಬರೋ ಹಾಗಿಲ್ಲ."

"ಒಳಗೆ ಬರೋ ಹಾಗಿಲ್ಲ. ಅಷ್ಟೇ ತಾನೇ?"

"ಅಷ್ಟೇ."

ಮರುದಿನ ಬೆಳಿಗ್ಗೆ ಆ ಕಪಾಟು ಗ್ರಂಥಾಲಯದ ಬಾಗಿಲ ಹೊರಗೆ, ಕಾರಿಡಾರಿನಲ್ಲಿ ನಿಂತಿತ್ತು. ಪಕ್ಕದಲ್ಲಿ ಒಂದು ಬೆಂಚು. ಕಾರಿಡಾರು ಲೈಬ್ರರಿಯಲ್ಲವೆಂಬುದನ್ನು ಯಾವ ಪ್ರಿನ್ಸಿಪಾಲರೂ ಅಲ್ಲಗಳೆಯುವಂತಿರಲಿಲ್ಲ.

ಹಾಗೆ ಬಿಸಿಲು, ಗಾಳಿ, ತರಗತಿಗಳ ಗದ್ದಲದ ನಡುವೆ ಬೆಂಚು ತುಂಬತೊಡಗಿತು. ಕಾಲೇಜಿಗೆ ದರ್ಜೆ ಕೊಡುವ ಪರಿಶೀಲನಾ ತಂಡ ಬರುವ ವಾರ ಪ್ರಿನ್ಸಿಪಾಲರಿಗೆ ನಿದ್ದೆ ಹಾರಿಹೋಯಿತು. ಅವರೇನು ಕೆಟ್ಟವರಲ್ಲ; ದರ್ಜೆ ಇಳಿದರೆ ತಮ್ಮ ತಲೆಯ ಮೇಲೆ ಬರುತ್ತದೆಂಬ ಭಯ. "ಅದಕ್ಕೊಂದು ಪರದೆಯಾದ್ರೂ ಹಾಕಿಸಿ ಮೇಡಂ" ಎಂದು ಅಂಗಲಾಚಿದರು. "ಪರದೆ ಹಾಕಿದ್ರೆ ಮೊದಲು ಅದನ್ನೇ ಎತ್ತಿ ನೋಡ್ತಾರೆ ಸರ್. ಮನುಷ್ಯರ ಸ್ವಭಾವ" ಎಂದು ದೊಡ್ಡಮ್ಮ ತಮ್ಮ ಕೆಲಸಕ್ಕೆ ಹೋದರು.

ಬಂದ ತಂಡದ ಹಿರಿಯ ಪ್ರಾಧ್ಯಾಪಕಿಗೆ ಮಂಡಿನೋವು. ಮೆಟ್ಟಿಲು ಹತ್ತಿ ಸುಸ್ತಾಗಿ ಅವರು ಕುಳಿತದ್ದು ಅದೇ ಬೆಂಚಿನ ಮೇಲೆ, ದರ್ಜಿಯ ಮಗಳ ಪಕ್ಕದಲ್ಲಿ.

"ಯಾವ ವರ್ಷದಲ್ಲಿ ಓದ್ತಿದ್ದೀಯಮ್ಮ?"

"ಫೇಲು ಮೇಡಂ."

"ಅದ್ಯಾವ ವರ್ಷ?"

"ಅದಕ್ಕೆ ವರ್ಷ ಅಂತ ಇಲ್ಲ ಮೇಡಂ. ಪಾಸಾಗೋವರೆಗೂ ಅದೇ."

ಹಿರಿಯರಿಗೆ ನಗು ಬಂತು. "ಮತ್ತೆ ಒಳಗೆ ಕೂತ್ಕೊಂಡು ಓದೋದಲ್ವಾ?"

ಪ್ರಿನ್ಸಿಪಾಲರು ಅವಸರದಿಂದ, "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಂತ ಮಕ್ಕಳು..." ಎಂದು ಶುರುಮಾಡಿದರು.

"ಒಳಗೆ ಬಿಡಲ್ಲ ಮೇಡಂ" ಎಂದಳು ಹುಡುಗಿ.

ಆ ಹಿರಿಯರು ಅವಳ ಕೈಯಲ್ಲಿದ್ದ ಪುಸ್ತಕವನ್ನು ತೆಗೆದು ನೋಡಿದರು. ಸಂಖ್ಯಾಶಾಸ್ತ್ರದ ದಪ್ಪ ಗ್ರಂಥವಲ್ಲ. ದಾಳ ಎಸೆಯುವ, ಗೋಲಿ ಹಂಚುವ ಚಿತ್ರಗಳಿದ್ದ, ಚಿಕ್ಕ ಮಕ್ಕಳಿಗೆ ಸರಾಸರಿಯನ್ನೂ ಸಂಭವನೀಯತೆಯನ್ನೂ ಹೇಳಿಕೊಡುವ ಪುಸ್ತಕ. ಹಿಂದೆಂದೋ ಫೇಲಾದ ಯಾರೋ ಇಟ್ಟುಹೋದದ್ದು. ಅವರು ಅಲ್ಲಿಯೇ ಕುಳಿತು ಹಾಳೆ ತಿರುವುತ್ತ ಹೋದರು. ಉಳಿದ ತಂಡ ಕಾಯುತ್ತ ನಿಂತಿತು. ಎದ್ದಾಗ ಪ್ರಿನ್ಸಿಪಾಲರಿಗೆ ಹೇಳಿದ್ದು ಇಷ್ಟೇ: "ಕಪಾಟು ಚೆನ್ನಾಗಿದೆ. ಜಾಗ ಚೆನ್ನಾಗಿಲ್ಲ."

ಕಪಾಟು ಒಳಗೆ ಹೋಯಿತು, ಅದರ ಓದುಗರೂ ಒಳಗೆ ಹೋದರು. ಲಿಖಿತ ಆದೇಶವೇನೂ ಆಗಲಿಲ್ಲ. 'ಇರಲಿ ಬಿಡಿ' ಎಂಬ ಬಾಯಿಮಾತಷ್ಟೇ. ಲಿಖಿತವಾಗಿ ಬಂದದ್ದು ದೊಡ್ಡಮ್ಮನವರ ಕೈಗೆ ಒಂದು ಮೆಮೊ, ಮತ್ತು ಬರಬೇಕಿದ್ದ ಬಡ್ತಿಗೆ ದೀರ್ಘ ಮೌನ. ಅವರು ಅದನ್ನು ದೂರಿದ್ದನ್ನು ಯಾರೂ ಕೇಳಿಲ್ಲ. ದರ್ಜಿಯ ಮಗಳು ಪಾಸಾದಳು. ಈಗ ಆಕೆ ಶಾಲೆಯೊಂದರಲ್ಲಿ ಗಣಿತ ಕಲಿಸುವ ಟೀಚರು.

ವರ್ಷಗಳು ಉರುಳಿದವು, ಬಾಯಿಮಾತೇ ಪದ್ಧತಿಯಾಗಿ ನಡೆದುಬಂತು. ದೊಡ್ಡಮ್ಮನವರ ಸೇವೆಯ ಕೊನೆಯ ವರ್ಷ ಗ್ರಂಥಾಲಯದ ಬಾಗಿಲಿಗೆ ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಗೇಟು ಬಂತು. ಬೀಗದಣ್ಣನಿಗೆ ಕರುಣೆಯಿತ್ತು, ಗೇಟಿಗೆ ಇರಲಿಲ್ಲ. ಫೇಲಾದವರು ಮತ್ತೆ ಮೆಟ್ಟಿಲ ಮೇಲೆ ಬಂದು ಕುಳಿತರು. ದೊಡ್ಡಮ್ಮ ಕಚೇರಿಗೆ ಅಲೆದರು. "ಸಾಫ್ಟ್‌ವೇರಿನಲ್ಲಿ ಅವಕಾಶ ಇಲ್ಲ ಮೇಡಂ" ಎಂದರು ಕಚೇರಿಯವರು. "ನೋಡೋಣ ಮೇಡಂ" ಎಂದರು ಹೊಸ ಪ್ರಿನ್ಸಿಪಾಲರು. ಅವರು ಸಜ್ಜನರು. ನೋಡೋಣವೆಂದಾಗ ನಿಜವಾಗಿ ನೋಡಬೇಕೆಂದೇ ಇರುತ್ತದೆ ಅವರಿಗೆ; ನೋಡುವ ದಿನ ಮಾತ್ರ ಬರುವುದಿಲ್ಲ. ದೊಡ್ಡಮ್ಮನವರ ಕೊನೆಯ ದಿನ ಬಂತು.

ಬೀಳ್ಕೊಡುಗೆಯನ್ನು ಗ್ರಂಥಾಲಯದ ಒಳಗೇ ಏರ್ಪಡಿಸಲಾಗಿತ್ತು. ಹಳೆಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲೆಂದು ದೊಡ್ಡಮ್ಮ ಹೆಬ್ಬಾಗಿಲಿನವರೆಗೆ ಹೋಗಿ, ಅವರ ಜೊತೆ ಮಾತಾಡುತ್ತ ವಾಪಸು ಬಂದು ಗೇಟಿಗೆ ಕಾರ್ಡು ಹಿಡಿದರು. ಕೆಂಪು ದೀಪ. ಮತ್ತೆ ಹಿಡಿದರು. ಮತ್ತೆ ಕೆಂಪು. ಎಂದೂ ಯಾವ ಕಡತವನ್ನೂ ಸಕಾಲಕ್ಕೆ ಮುಗಿಸದ ಕಚೇರಿ, ನಿವೃತ್ತರ ಕಾರ್ಡನ್ನು ಅಂದು ಬೆಳಿಗ್ಗೆಯೇ ರದ್ದುಮಾಡಿ ಮುಗಿಸಿತ್ತು. ಒಳಗೆ ಹಾರ, ಕುರ್ಚಿ, ಆರುತ್ತಿರುವ ಚಹಾ. ಹೊರಗೆ ಸನ್ಮಾನಿತರು, ಅವರನ್ನು ಸನ್ಮಾನಿಸಲು ಬಂದ ಕಾರ್ಡಿಲ್ಲದ ಹಳೆಯ ವಿದ್ಯಾರ್ಥಿಗಳು, ಮೆಟ್ಟಿಲ ಮೇಲೆ ಈ ವರ್ಷದ ಫೇಲಾದವರು.

ಒಳಗಿನಿಂದ ಬೀಗದಣ್ಣ ಕೂಗಿದ: "ದೊಡ್ಡಮ್ಮಾ, ಕೆಳಗಿಂದ ನುಸುಳಿ ಬಂದ್ಬಿಡಿ!"

"ಈ ವಯಸ್ಸಲ್ಲಿ ನುಸುಳಿದ್ರೆ ನಾನು ಆಚೆ ಬರ್ತೀನಿ, ಸೊಂಟ ಈಚೆ ಉಳಿಯುತ್ತೆ ಕಣಯ್ಯ."

ಪ್ರಿನ್ಸಿಪಾಲರು ನಾಚಿಕೆಯಿಂದ ಓಡಿಬಂದು ತಮ್ಮ ಕಾರ್ಡು ಹಿಡಿದರು. ಹಸಿರು ದೀಪ. "ಬನ್ನಿ ಮೇಡಂ, ದಯವಿಟ್ಟು ಕ್ಷಮಿಸಿ."

ದೊಡ್ಡಮ್ಮ ಪಕ್ಕಕ್ಕೆ ಸರಿದು ಹಳೆಯ ವಿದ್ಯಾರ್ಥಿಗಳಲ್ಲಿದ್ದ ದರ್ಜಿಯ ಮಗಳನ್ನು ಮುಂದೆ ಮಾಡಿದರು. ಪ್ರಿನ್ಸಿಪಾಲರು ಮತ್ತೆ ಕಾರ್ಡು ಹಿಡಿದರು. ದೊಡ್ಡಮ್ಮ ಇನ್ನೊಬ್ಬರನ್ನು ಮುಂದೆ ಮಾಡಿದರು. ಅತಿಥಿಗಳೆಲ್ಲ ಒಳಗೆ ಹೋದ ಮೇಲೆ ಮೆಟ್ಟಿಲ ಮೇಲಿದ್ದವರನ್ನು ಕೈಮಾಡಿ ಕರೆದರು. ಅವರೂ ಸಂಕೋಚದಿಂದ ತಲೆತಗ್ಗಿಸಿ ಒಬ್ಬೊಬ್ಬರೇ ದಾಟಿದರು. ಪ್ರಿನ್ಸಿಪಾಲರ ಕೈ ಸೋತಿತ್ತು.

"ಈಗಲಾದ್ರೂ ಬನ್ನಿ ಮೇಡಂ. ಎಲ್ಲಾ ಕಾಯ್ತಿದ್ದಾರೆ."

"ಇವತ್ತು ನೀವು ಬಿಟ್ರಿ ಸರ್, ದೊಡ್ಡ ಮನಸ್ಸು. ನಾಳೆ ಇವರನ್ನ ಯಾರು ಬಿಡ್ತಾರೆ?"

"ನೋಡೋಣ ಮೇಡಂ."

"ನೋಡಿ ಸರ್. ನನಗೇನು ಅವಸರ ಇಲ್ಲ, ನಾಳೆಯಿಂದ ಕೆಲಸಾನೂ ಇಲ್ಲ. ಇಲ್ಲೇ ನಿಂತಿರ್ತೀನಿ."

ಸಿಟ್ಟಿನ ಮಾತಲ್ಲ, ಅಂಗಡಿಯಲ್ಲಿ ತನ್ನ ಸರದಿಗೆ ಕಾಯುವವರ ದನಿ. ಒಳಗಿನ ಸಭೆ ಗೇಟಿನ ಕಡೆ ತಿರುಗಿತು. ಪ್ರಿನ್ಸಿಪಾಲರು ಕೌಂಟರಿನಲ್ಲಿ ಕುಳಿತು, ಪತ್ರಿಕೆ ಉಳಿಸಿಕೊಂಡವರ ಕಾರ್ಡು ಅವರು ಪಾಸಾಗುವವರೆಗೂ ಚಾಲ್ತಿಯಲ್ಲಿರತಕ್ಕದ್ದು ಎಂದು ಕೈಯಾರೆ ಬರೆದು ಸಹಿಮಾಡಿ, ಕಚೇರಿಯವರನ್ನು ಕರೆಸಿದರು.

"ಸಾಫ್ಟ್‌ವೇರಿನಲ್ಲಿ ಅವಕಾಶ ಇದೆ ಸಾರ್" ಎಂದರು ಕಚೇರಿಯವರು ತಲೆ ಕೆರೆದುಕೊಂಡು. "ಯಾರೂ ಕೇಳಿರಲಿಲ್ಲ."

"ನಾನು ಕೇಳಿದ್ದೆ" ಎಂದರು ಗೇಟಿನಾಚೆಯಿಂದ ದೊಡ್ಡಮ್ಮ.

ಕಚೇರಿಯವರು ಕಂಪ್ಯೂಟರಿನಲ್ಲಿ ಆ ಕಾರ್ಡುಗಳನ್ನೆಲ್ಲ ಮತ್ತೆ ಚಾಲ್ತಿಗೆ ತಂದರು. ಮೆಟ್ಟಿಲ ಮೇಲೆ ಕುಳಿತಿದ್ದವರಲ್ಲಿ ಒಬ್ಬಳು ತನ್ನ ಸತ್ತ ಕಾರ್ಡನ್ನು ಒಳಗಿನಿಂದ ಹಿಡಿದು ನೋಡಿದಳು. ಹಸಿರು ದೀಪ ಹತ್ತಿತು, ಗೇಟು ತೆರೆಯಿತು. ಆ ಹುಡುಗಿ ತೆರೆದ ಗೇಟಿನಲ್ಲಿ ದೊಡ್ಡಮ್ಮನವರು ಒಳಗೆ ಬಂದರು. ಅಂದು ಹಾಕಿದ ಹಾರದ ಬಗ್ಗೆ, ಆಡಿದ ಭಾಷಣಗಳ ಬಗ್ಗೆ ಇಲ್ಲಿ ಹೇಳುವಂಥದ್ದೇನೂ ಇಲ್ಲ.

ಆದರೆ ಆ ಆದೇಶ ಇನ್ನೂ ಒಂದೇ ಕಾಲೇಜಿನದು. ನಿವೃತ್ತಿಯ ನಂತರ ದೊಡ್ಡಮ್ಮನವರು ಅದರ ಪ್ರತಿಗಳನ್ನು ಕೈಚೀಲದಲ್ಲಿಟ್ಟುಕೊಂಡು ನೆರೆಯ ಕಾಲೇಜುಗಳಿಗೆ ಹೋಗಿ ಬರುತ್ತಿದ್ದಾರೆ. ಎರಡು ಕಾಲೇಜುಗಳಲ್ಲಿ ಕುರ್ಚಿ ಕೊಟ್ಟು ಕೂರಿಸಿದರು. ಒಂದರಲ್ಲಿ ಕಾವಲುಗಾರನೇ ತಡೆದ. ಅಲ್ಲಿಗೆ ಬರುವ ವಾರ ಮತ್ತೆ ಹೋಗುವವರಿದ್ದಾರೆ. ಅಷ್ಟೂ ಕಾಲೇಜುಗಳಿಗೆ ಸಾಲುವಷ್ಟು ಆಯುಸ್ಸು, ಅಷ್ಟೂ ಮೆಟ್ಟಿಲು ಹತ್ತುವ ಮೊಣಕಾಲು ಅವರಿಗೆ ಕೂಡಿಬರಲಿ. ಅವರಿಗೆ 'ನೋಡೋಣ' ಎನ್ನುವವರು ಬೇಗ ನೋಡುವಂತಾಗಲಿ.